ಗಾಜಿನ ತೊಟ್ಟಿಯೊಳಗೊಂದು ಹಳ್ಳದ ದಡ

ಕೇಳುಗರೇ, ನಮಸ್ಕಾರ.

ಶಿವರಾತ್ರಿ ಕಳೆಯುವ ಹೊತ್ತಿಗೆ ನಮ್ಮ ಕಡೆಯ ಹಳ್ಳಗಳಲ್ಲಿ ನೀರು ಇಳಿದು ಕಲ್ಲುಗಳು ಮೈ ತೋರಿಸುತ್ತವೆ. ತೋಟಕ್ಕೆ ಹೋಗುವಾಗ ಸಂಕ ದಾಟುತ್ತೀರಲ್ಲ, ಒಂದು ದಿನ ಅಲ್ಲೇ ಹತ್ತು ನಿಮಿಷ ಕೂತು ನೋಡಿ. ಚಪ್ಪಟೆ ಕಲ್ಲುಗಳು ಹಂಚು ಹೊದಿಸಿದ ಹಾಗೆ ಒಂದಕ್ಕೊಂದು ಒರಗಿ, ನೀರು ಹೋಗುವ ದಿಕ್ಕಿಗೇ ವಾಲಿರುತ್ತವೆ. ದೊಡ್ಡ ಬಂಡೆಯ ಮರೆಯಲ್ಲಿ ಮರಳು ನಿಂತಿರುತ್ತದೆ; ಹುಲ್ಲು, ಸೊಪ್ಪು ಬೇರು ಬಿಡುವುದು ಆ ಮರಳಿನಲ್ಲೇ. ಗಿಡ ನೆಟ್ಟು ಬೆಳೆಸುವ ಅಕ್ವೇರಿಯಂಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಕಲ್ಲಿನ ಜೋಡಣೆಯೇ ಪ್ರಧಾನವಾದ ತೊಟ್ಟಿಗೆ ಜಪಾನಿನಲ್ಲಿ ಇವಾಗುಮಿ ಎನ್ನುತ್ತಾರೆ. 2015ರಲ್ಲಿ ತೀರಿಕೊಂಡ ತಕಾಶಿ ಅಮಾನೊ ಇದನ್ನು ಜಗತ್ತಿಗೆಲ್ಲ ಪರಿಚಯಿಸಿದರು. ಅವರು ಕಾಡಿನ ಛಾಯಾಗ್ರಾಹಕರೂ ಹೌದು. ಕಲ್ಲುಗಳು ಮೂರು, ಐದು ಅಥವಾ ಏಳು ಇರಬೇಕು, ಎಲ್ಲವೂ ಒಂದೇ ಜಾತಿಯವಾಗಿರಬೇಕು. ಎಲ್ಲಕ್ಕಿಂತ ದೊಡ್ಡದಕ್ಕೆ ಓಯಾಇಶಿ ಎಂದು ಹೆಸರು. ಹೆತ್ತವರ ಕಲ್ಲು ಎಂದರ್ಥ. ಉಳಿದವು ಅದರ ಮಾತು ಕೇಳುವ ಹಾಗೆ ಸುತ್ತ ನಿಲ್ಲುತ್ತವೆ.

ನಾನು ಮೊದಲ ಸಲ ಆ ದೊಡ್ಡ ಕಲ್ಲನ್ನು ನಟ್ಟನಡುವೆ ಇಟ್ಟು, ಎರಡೂ ಪಕ್ಕಕ್ಕೆ ಸಮಸಮ ಕಲ್ಲು ಇಟ್ಟಿದ್ದೆ. ನೋಡಿದವರ ಕಣ್ಣು ನಡುವಿಗೆ ಹೋಗಿ ಅಲ್ಲೇ ನಿಂತುಬಿಡುತ್ತಿತ್ತು. ಎರಡು ತಿಂಗಳ ಮೇಲೆ ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಅರವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಅಗಲ, ಮೂವತ್ತು ಎತ್ತರದ ತೊಟ್ಟಿ ಎಂದಿಟ್ಟುಕೊಳ್ಳಿ. 54 ಲೀಟರ್ ಹಿಡಿಯುತ್ತದೆ. ಅದರಲ್ಲಿ ಹೆತ್ತವರ ಕಲ್ಲು ಒಂದು ತುದಿಯಿಂದ ಸುಮಾರು 23 ಸೆಂಟಿಮೀಟರ್ ದೂರದಲ್ಲಿರಲಿ. ಅದರ ಎತ್ತರ ತೊಟ್ಟಿಯ ಎತ್ತರದ ಮೂರರಲ್ಲಿ ಎರಡು ಭಾಗದಷ್ಟಿರಲಿ. ನೆಟ್ಟಗೆ ನಿಲ್ಲಿಸಬೇಡಿ, ತುಸು ವಾಲಿಸಿ. ಕಲ್ಲಿನ ಮೈಮೇಲಿನ ಗೆರೆಗಳು ಎಲ್ಲವೂ ಒಂದೇ ಕಡೆಗೆ ಓಡಲಿ. ಹಳ್ಳದ ನೀರು ಒಂದೇ ದಿಕ್ಕಿಗೆ ತಾನೇ ಹರಿಯುವುದು?

ನೀರು ತುಂಬುವ ಆತುರ ಬೇಡ. ಅದೇ ಅಳತೆಯ ರಟ್ಟಿನ ಪೆಟ್ಟಿಗೆಗೆ ಮರಳು ಸುರಿದು ಜಗಲಿಯ ಮೇಲಿಡಿ. ಮುಂದೆ ಮೂರು ಸೆಂಟಿಮೀಟರ್, ಹಿಂದೆ ಎಂಟು, ಹೀಗೆ ಮರಳು ಇಳಿಜಾರಾದರೆ ಚಿಕ್ಕ ತೊಟ್ಟಿಗೂ ಆಳ ಬರುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ಕಲ್ಲು ಸರಿಸಿ, ಮತ್ತೆ ನೋಡಿ. ಒಂದು ವಾರ ಹಿಡಿದರೂ ಹಿಡಿಯಲಿ. ಗಿಡವನ್ನು ಕತ್ತರಿಸಿ ತಿದ್ದಬಹುದು, ಗಿಡ ಬೇರು ಬಿಟ್ಟ ಮೇಲೆ ಕಲ್ಲನ್ನು ಸರಿಸುವುದು ಕಷ್ಟ.

ಕಲ್ಲಿನ ಮೇಲೆ ಎರಡು ತೊಟ್ಟು ವಿನೆಗರ್ ಬಿಡಿ. ನೊರೆ ಬಂದರೆ ಅದು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ, ಬೇಡ. ಬೆಣಚುಕಲ್ಲು, ಗ್ರಾನೈಟ್ ನಿಶ್ಚಿಂತೆಯಿಂದ ಹಾಕಬಹುದು. ಗಾಜಿನ ಮೇಲೆ ನೇರವಾಗಿ ಕಲ್ಲು ಇಡದೆ ತೆಳುವಾದ ಫೋಮ್ ಹಾಳೆ ಹಾಸಿ. ನಮ್ಮ ಮನೆಗೋಡೆಯ ಜಂಬಿಟ್ಟಿಗೆಗೂ ಇಲ್ಲಿ ಕೆಲಸವಿದೆ. ಅದರಲ್ಲಿ ಕಬ್ಬಿಣದ ಅಂಶ ಹೇರಳ. ಚೂರು ಮಾಡಿ ಮರಳಿನ ಅಡಿಗೆ ತೆಳುವಾಗಿ ಹಾಸಿದರೆ ಬೇರಿಗೆ ಸಿಗುತ್ತದೆ. ಮೇಲೆ ಬಂದರೆ ಮಾತ್ರ ನೀರೆಲ್ಲ ಕೆಂಪಾಗಿ ಕದಡುತ್ತದೆ.

ಇನ್ನು ಗಿಡ. ಹಿಂದೆ ಎತ್ತರದ್ದು, ಮುಂದೆ ಗಿಡ್ಡದ್ದು, ಇಷ್ಟು ಎಲ್ಲರಿಗೂ ಗೊತ್ತು. ಕಲ್ಲಿನ ಬುಡದಲ್ಲಿ ಏನಿರಬೇಕು ಎಂಬುದೇ ನನಗೆ ಮುಖ್ಯ. ಬುಡ ಬರಿದಾಗಿದ್ದರೆ ಕಲ್ಲು ಈಗಷ್ಟೇ ತಂದಿಟ್ಟಂತೆ ಕಾಣುತ್ತದೆ. ಅಲ್ಲಿ ಸಣ್ಣ ಕ್ರಿಪ್ಟೊಕೊರೈನ್ ನೆಟ್ಟರೆ ನೆಲದಿಂದಲೇ ಎದ್ದಂತಿರುತ್ತದೆ. ಈ ಕುಲದ ಕೆಲವು ಗಿಡಗಳು ನಮ್ಮ ಪಶ್ಚಿಮಘಟ್ಟದ ಹೊಳೆಗಳವೇ. ಹಿಂಬದಿಗೆ ರೊಟಾಲಾ, ನೀರುಬ್ರಾಹ್ಮಿ ಚೆನ್ನ. ಆದರೆ ಹಳ್ಳದಿಂದ ಕಿತ್ತು ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ, ಅಂಗಡಿಯಲ್ಲಿ ಬೆಳೆಸಿದ್ದು ಸಿಗುತ್ತದೆ. ಶೃಂಗೇರಿಯ ಮೀನುಗಳಿಗೆ ನಾವು ಮಂಡಕ್ಕಿ ಹಾಕುತ್ತೇವೆಯೇ ಹೊರತು ಬಲೆ ಹಾಕುವುದಿಲ್ಲ. ಊರಿನ ಹಳ್ಳಕ್ಕೂ ಅದೇ ಮರ್ಯಾದೆ ಸಲ್ಲಬೇಕು.

ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು, ಹೆಚ್ಚಾದರೆ ಪಾಚಿ. ಮೀನು ಬಿಡಲು ನಾಲ್ಕರಿಂದ ಆರು ವಾರ ಕಾಯಿರಿ. ಮೀನಿನ ಕೊಳೆಯಿಂದ ಹುಟ್ಟುವ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾ ಮರಳಿನಲ್ಲಿ ನೆಲೆಯಾಗಲು ಅಷ್ಟು ದಿನ ಬೇಕು.

ಗಿಡ ಬೆಳೆದು ಕಲ್ಲನ್ನು ಮುಚ್ಚತೊಡಗಿದಾಗ ತುದಿ ಕತ್ತರಿಸಬೇಕಾಗುತ್ತದೆ. ಆ ತುಂಡುಗಳನ್ನು ಕೆರೆಗೋ ಹಳ್ಳಕ್ಕೋ ಎಸೆಯಬೇಡಿ. ಅವುಗಳಲ್ಲಿ ಹೊರದೇಶದ ಗಿಡವೂ ಇರಬಹುದು. ಅಂಗಳದ ಬಿಸಿಲಿನಲ್ಲಿ ಒಣಗಿಸಿ ಗೊಬ್ಬರಗುಂಡಿಗೆ ಹಾಕಿ.

ನಮಸ್ಕಾರ.