ಅವೇ ಮ್ಯಾಚಿಗೆ ಹೋಗುವವರು

ಎಲ್ಲರಿಗೂ ನಮಸ್ಕಾರ.

ತಮ್ಮ ತಂಡ ಎದುರಾಳಿಯ ಮೈದಾನಕ್ಕೆ ಹೋಗಿ ಆಡುವುದನ್ನು ಫುಟ್‌ಬಾಲಿನಲ್ಲಿ ಅವೇ (away) ಮ್ಯಾಚ್ ಅನ್ನುತ್ತಾರೆ. ತಂಡದ ಹಿಂದೆ ಅಲ್ಲಿಗೂ ಹೋಗುವ ಅಭಿಮಾನಿಗಳ ಬಗ್ಗೆ ಇವತ್ತಿನ ಮಾತು. ಒಂದು ಬಸ್ ಪ್ರಯಾಣದಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಪ್ಲಿಮತ್ ಅಂತ ಒಂದು ಬಂದರು ಊರಿದೆ. ಅಲ್ಲಿನ ಫುಟ್‌ಬಾಲ್ ಕ್ಲಬ್ ಪ್ಲಿಮತ್ ಆರ್ಗೈಲ್. ದೇಶದ ಆ ಕಡೆ ತುದಿಯಲ್ಲಿ, ಈಶಾನ್ಯದಲ್ಲಿ, ಸಂಡರ್‌ಲ್ಯಾಂಡ್ ಇದೆ. ನಡುವಿನ ರಸ್ತೆ ಸುಮಾರು 650 ಕಿಲೋಮೀಟರ್. 2023ರಿಂದ 2025ರವರೆಗೆ ಎರಡು ಸೀಸನ್ ಈ ಎರಡೂ ಕ್ಲಬ್ಬುಗಳು ಒಂದೇ ಡಿವಿಷನ್ನಿನಲ್ಲಿ ಆಡಿದವು. ಹೋಗಿ ಬರುವುದು ಸೇರಿದರೆ 1,300 ಕಿಲೋಮೀಟರ್, 90 ನಿಮಿಷದ ಆಟಕ್ಕಾಗಿ. ಇಂಥ ಮ್ಯಾಚು ವಾರದ ಮಧ್ಯೆ ರಾತ್ರಿ ಬಿದ್ದರೆ ಲೆಕ್ಕ ಹಾಕಿ ನೋಡಿ: ಆಟ ಮುಗಿಯುವಾಗ ಹತ್ತು ಗಂಟೆ ಹತ್ತಿರ, ಬಸ್ ಊರು ಮುಟ್ಟುವಾಗ ಬೆಳಗಿನ ಜಾವ, ಆಮೇಲೆ ಮುಖ ತೊಳೆದುಕೊಂಡು ಕೆಲಸಕ್ಕೆ ಹೋಗಬೇಕು. ತಂಡ ಸೋತಿದ್ದರೂ ಅಷ್ಟೇ.

ಅದೇ ಮ್ಯಾಚನ್ನು ಮನೆಯಲ್ಲಿ ಸೋಫಾ ಮೇಲೆ ಕೂತು ನೋಡಬಹುದಲ್ವಾ? ಹಾಗಿದ್ದೂ ಯಾಕೆ ಹೋಗುತ್ತಾರೆ?

ಸಾಮಾನ್ಯವಾಗಿ ಸಿಗುವ ಉತ್ತರ ಏನೆಂದರೆ, ಅವರಿಗೆ ಕ್ಲಬ್ ಮೇಲೆ ಅಷ್ಟು ಪ್ರೀತಿ, ಅದಕ್ಕೇ ಅಷ್ಟು ದೂರ ಹೋಗುತ್ತಾರೆ ಅಂತ. ನನಗೆ ಇದು ತಿರುಗುಮುರುಗಾಗಿದೆ ಅನ್ನಿಸುತ್ತದೆ. ದೂರ ಹೋಗಿ ಹೋಗಿಯೇ ಆ ಪ್ರೀತಿ ಗಟ್ಟಿಯಾಗುವುದು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಈ ಒಂದೇ ಮಾತು.

ತಂಡದ ಸ್ವಂತ ಮೈದಾನಕ್ಕೆ ಹೋಗುವುದು ಅಭ್ಯಾಸದ ವಿಷಯ. ಅದೇ ದಾರಿ, ಅದೇ ಗೇಟು, ಅದೇ ಸೀಟು. ಬೇಸರವಾದರೆ ಹತ್ತು ನಿಮಿಷ ಮೊದಲೇ ಎದ್ದು ಮನೆಗೆ ಹೋಗಬಹುದು. ಅವೇ ಮ್ಯಾಚಿನಲ್ಲಿ ಅದು ಆಗುವುದಿಲ್ಲ. ಬಸ್ ಎಲ್ಲರನ್ನೂ ಹತ್ತಿಸಿಕೊಂಡೇ ಹೊರಡುವುದು. ಎಷ್ಟೋ ಕಡೆ ಆಟ ಮುಗಿದ ಮೇಲೂ ಹೊರಗೆ ಬಿಡುವುದಿಲ್ಲ. ಆತಿಥೇಯ ತಂಡದ ಜನ ಚದುರುವವರೆಗೆ ಪೊಲೀಸರು ಇವರನ್ನು ಒಳಗೇ ನಿಲ್ಲಿಸಿರುತ್ತಾರೆ. ಮಳೆ ಇರಲಿ, ಚಳಿ ಇರಲಿ, ನಾಲ್ಕು ಗೋಲು ತಿಂದಿರಲಿ, ನಿಲ್ಲಬೇಕು. ಪಕ್ಕದಲ್ಲಿ ನಿಂತವನ ಹೆಸರು ಬೆಳಿಗ್ಗೆ ಗೊತ್ತಿರಲಿಲ್ಲ, ರಾತ್ರಿ ಬಸ್ಸಿಂದ ಇಳಿಯುವಾಗ ಅವನ ಮಕ್ಕಳ ಹೆಸರೂ ಗೊತ್ತಿರುತ್ತದೆ. ಹೀಗೆ ಹತ್ತು ವರ್ಷ ನಡೆದರೆ ಅದು ಬರೀ ಕ್ಲಬ್ ಆಗಿ ಉಳಿಯುತ್ತದೆಯೇ? ಮುಂದಿನ ಶನಿವಾರ ನೀನು ಬರಲಿಲ್ಲ ಅಂದರೆ ಯಾರಾದರೂ ಫೋನ್ ಮಾಡಿ ಯಾಕೆ ಅಂತ ಕೇಳುತ್ತಾರೆ. ಜನ ಅದಕ್ಕಾಗಿಯೂ ಹೋಗುತ್ತಾರೆ.

ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಾದ ಪ್ರೀಮಿಯರ್ ಲೀಗಿನಲ್ಲಿ ಒಂದು ನಿಯಮ ಇದೆ. ಆತಿಥೇಯ ಕ್ಲಬ್ ಎದುರಾಳಿ ಅಭಿಮಾನಿಗಳಿಗೆ 3,000 ಟಿಕೆಟ್ ಕೊಡಬೇಕು. ಚಿಕ್ಕ ಮೈದಾನವಾದರೆ ಒಟ್ಟು ಸೀಟಿನ ಶೇಕಡಾ 10. ಅಂದರೆ ಅರವತ್ತು ಸಾವಿರ ಜನರ ಮಧ್ಯೆ ಮೂರು ಸಾವಿರ. ಆದರೆ ಟಿವಿಯಲ್ಲಿ ಕಿವಿಕೊಟ್ಟು ಕೇಳಿ. ಬಹಳ ಸಲ ಹಾಡು ಕೇಳಿಸುವುದು ಆ ಮೂಲೆಯಿಂದಲೇ. ಅದಕ್ಕೆ ಕಾರಣ ಸರಳ. ಉಳಿದ ಕಡೆ ಎಲ್ಲ ಬಗೆಯ ಜನ ಕೂತಿರುತ್ತಾರೆ, ಆ ಮೂಲೆಯಲ್ಲಿ ಇರುವವರೆಲ್ಲ ಕಷ್ಟಪಟ್ಟೇ ಬಂದವರು. ಸುಮ್ನೆ ಬಂದವರು ಒಬ್ಬರೂ ಇಲ್ಲ. ಒತ್ತೊತ್ತಾಗಿ ನಿಂತಿರುತ್ತಾರೆ, ಹಾಡುಗಳೆಲ್ಲ ಬಾಯಿಪಾಠ. ಆ ಟಿಕೆಟ್ ಸಿಗುವುದೂ ಸುಲಭವಲ್ಲ. ಎಷ್ಟೋ ಕ್ಲಬ್ಬುಗಳಲ್ಲಿ ಪಾಯಿಂಟ್ ಲೆಕ್ಕ ಇದೆ. ಹಿಂದೆ ಎಷ್ಟು ಅವೇ ಮ್ಯಾಚಿಗೆ ಹೋಗಿದ್ದೀರೋ ಅಷ್ಟು ಪಾಯಿಂಟ್, ಜಾಸ್ತಿ ಪಾಯಿಂಟ್ ಇದ್ದವರಿಗೆ ಮೊದಲು ಟಿಕೆಟ್. ಇದರಲ್ಲಿ ನನಗೆ ಒಂದು ತಕರಾರಿದೆ. ಹದಿನೆಂಟು ವರ್ಷದ ಹುಡುಗನಿಗೆ ಹೋಗಬೇಕು ಅಂತ ಆಸೆ. ಪಾಯಿಂಟ್ ಇಲ್ಲ, ಹಾಗಾಗಿ ಟಿಕೆಟ್ ಇಲ್ಲ. ಟಿಕೆಟ್ ಇಲ್ಲ, ಹಾಗಾಗಿ ಪಾಯಿಂಟ್ ಬರುವುದಿಲ್ಲ. ಹಳಬರ ನಿಷ್ಠೆಗೆ ಬೆಲೆ ಕೊಡಬೇಕು ನಿಜ, ಹೊಸಬರು ಒಳಗೆ ಬರಲು ಒಂದು ಬಾಗಿಲನ್ನೂ ತೆರೆದಿಡಬೇಕು.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ಬ್ರೆಜಿಲ್, 1976ರ ಡಿಸೆಂಬರ್ 5. ಸಾವೊ ಪಾವ್ಲೊ ನಗರದ ಕೊರಿಂಥಿಯನ್ಸ್ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್ ಆಡಲು ರಿಯೊ ಡಿ ಜನೈರೊಗೆ ಹೋಗಬೇಕಿತ್ತು. ಎದುರಾಳಿ ಫ್ಲುಮಿನೆನ್ಸೆ, ಮೈದಾನ ಮರಕಾನ. ಆಗ ಕೊರಿಂಥಿಯನ್ಸ್ ಸ್ಥಿತಿ ಹೇಗಿತ್ತು ಗೊತ್ತಾ? 1954ರ ನಂತರ ತಮ್ಮ ರಾಜ್ಯದ ಚಾಂಪಿಯನ್‌ಷಿಪ್ ಕೂಡ ಗೆದ್ದಿರಲಿಲ್ಲ. ಆ ವರ್ಷ ಹುಟ್ಟಿದ ಮಗು ದೊಡ್ಡವನಾಗಿ ಕೆಲಸಕ್ಕೆ ಸೇರಿದರೂ ತನ್ನ ತಂಡ ಆ ಕಪ್ ಎತ್ತುವುದನ್ನು ನೋಡಿರಲಿಲ್ಲ. ಇಂಥ ತಂಡಕ್ಕೆ ಅಭಿಮಾನಿಗಳು ಕಡಿಮೆಯಾಗಬೇಕು ತಾನೇ? ಆದರೆ ಆ ದಿನ ನಾಲ್ಕು ನೂರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಹೋದವರು ಸುಮಾರು 70,000 ಜನ ಅಂತ ಲೆಕ್ಕ ಹೇಳುತ್ತಾರೆ. ಬಸ್ಸು, ಕಾರು, ಏನು ಸಿಕ್ಕಿತೋ ಅದರಲ್ಲಿ. ಹೆದ್ದಾರಿ ತುಂಬ ಕಪ್ಪು ಬಿಳುಪು ಬಾವುಟಗಳು. ಎದುರಾಳಿಯ ಊರಿನಲ್ಲಿ, ಎದುರಾಳಿಯ ಮೈದಾನದಲ್ಲಿ, ಅರ್ಧದಷ್ಟು ಜಾಗ ಇವರದೇ. ಬ್ರೆಜಿಲ್ಲಿನಲ್ಲಿ ಇವತ್ತಿಗೂ ಅದನ್ನು ಕೊರಿಂಥಿಯನ್ಸ್ ದಾಳಿ ಅಂತಲೇ ಕರೆಯುತ್ತಾರೆ. ಜೋರು ಮಳೆಯಲ್ಲಿ ಆಟ 1-1 ಆಯಿತು, ಪೆನಾಲ್ಟಿಯಲ್ಲಿ ಕೊರಿಂಥಿಯನ್ಸ್ ಗೆದ್ದಿತು.

ಫೈನಲ್ಲಿನಲ್ಲಿ ಏನಾಯಿತು? ಇಂಟರ್‌ನ್ಯಾಸಿಯೊನಾಲ್ ಎದುರು ಸೋತರು. ಕಪ್ ಬರಲಿಲ್ಲ. ಆದರೂ ಕ್ಲಬ್ಬಿನ ಇತಿಹಾಸ ಹೇಳುವಾಗ ಆ ಸೋತ ಫೈನಲ್ ಯಾರಿಗೂ ನೆನಪಾಗುವುದಿಲ್ಲ, ರಿಯೊಗೆ ಹೋದ ದಾರಿ ನೆನಪಾಗುತ್ತದೆ. ಮುಂದೆ 2012ರಲ್ಲಿ ಇದೇ ತಂಡ ಕ್ಲಬ್ ವಿಶ್ವಕಪ್ ಆಡಲು ಜಪಾನಿಗೆ ಹೋದಾಗ ಸಾವಿರಾರು ಜನ ಭೂಮಿಯ ಇನ್ನೊಂದು ಬದಿಗೆ ಹಾರಿದರು. ಯೊಕೊಹಾಮಾದಲ್ಲಿ ಚೆಲ್ಸಿಯನ್ನು 1-0ಯಿಂದ ಸೋಲಿಸಿದ ರಾತ್ರಿ ಅದು. ಆ ವಿಮಾನಗಳಲ್ಲಿ ಹೋದವರ ಪೈಕಿ ಎಷ್ಟೋ ಜನ ಮರಕಾನಕ್ಕೆ ಹೋದವರ ಕಥೆ ಕೇಳಿ ಬೆಳೆದವರೇ ಇರಬೇಕು.

ದೂರದ ಮಾತು ಬಂದಾಗ ರಷ್ಯಾವನ್ನು ಬಿಡುವ ಹಾಗಿಲ್ಲ. 2006ರಿಂದ 2008ರವರೆಗೆ ವ್ಲಾಡಿವಾಸ್ಟಾಕಿನ ತಂಡ ಅಲ್ಲಿನ ಮೊದಲ ದರ್ಜೆಯ ಲೀಗಿನಲ್ಲಿತ್ತು. ಮಾಸ್ಕೋದಿಂದ ಅಲ್ಲಿಗೆ ರೈಲು ಹಳಿ 9,288 ಕಿಲೋಮೀಟರ್, ಸುಮಾರು ಒಂದು ವಾರದ ದಾರಿ. ಇದೂ ಲೀಗಿನ ಒಂದು ಮಾಮೂಲಿ ಮ್ಯಾಚು!

ಯುರೋಪಿನ ಇನ್ನೆರಡು ಪ್ರಯಾಣ ಹೇಳಿಬಿಡುತ್ತೇನೆ. 2003ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಯುಇಎಫ್‌ಎ ಕಪ್ಪಿನ ಫೈನಲ್ ಆಡಲು ಸ್ಪೇನಿನ ಸೆವಿಲ್ಲೆಗೆ ಹೋಯಿತು. ಜೊತೆಗೆ ಹೋದವರು ಸುಮಾರು 80,000 ಜನ ಅಂತ ಅಂದಾಜು. ಮೈದಾನದಲ್ಲಿ ಅಷ್ಟು ಜಾಗವೇ ಇರಲಿಲ್ಲ. ಬಹುಪಾಲು ಜನ ಟಿಕೆಟ್ ಸಿಗುವುದಿಲ್ಲ ಅಂತ ಗೊತ್ತಿದ್ದೇ ಹೋದರು, ಊರಿನ ಬೀದಿಗಳಲ್ಲಿ ಹಾಡಿಕೊಂಡು ನಿಂತರು. ತಂಡ ಹೆಚ್ಚುವರಿ ಸಮಯದಲ್ಲಿ ಪೋರ್ಟೊ ಎದುರು 3-2ರಿಂದ ಸೋತಿತು. ಗಲಾಟೆ ಮಾಡದೆ ನಡೆದುಕೊಂಡ ರೀತಿಗೆ ಆ ವರ್ಷ ಫಿಫಾ ತನ್ನ ಫೇರ್ ಪ್ಲೇ ಪ್ರಶಸ್ತಿಯನ್ನು ಆ ಅಭಿಮಾನಿಗಳಿಗೇ ಕೊಟ್ಟಿತು.

ಇನ್ನೊಂದು 2022ರ ಏಪ್ರಿಲ್ 14. ಬಾರ್ಸಿಲೋನಾದ ಕ್ಯಾಂಪ್ ನೌ ಮೈದಾನ, ಎದುರಾಳಿ ಜರ್ಮನಿಯ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್. ಫ್ರಾಂಕ್‌ಫರ್ಟಿಗೆ ಕೊಟ್ಟಿದ್ದ ಟಿಕೆಟ್ 5,000. ಒಳಗೆ ಬಂದವರು 30,000 ಹತ್ತಿರ. ಹೇಗೋ ಮಾಡಿ ಆತಿಥೇಯರ ಟಿಕೆಟ್ಟುಗಳನ್ನೇ ಕೊಂಡುಕೊಂಡು ಬಂದಿದ್ದರು. ಮೈದಾನದ ಎಲ್ಲ ಕಡೆಯೂ ಬಿಳಿ ಬಟ್ಟೆ ತೊಟ್ಟ ಜನ. ತಮ್ಮದೇ ಮೈದಾನದಲ್ಲಿ ಬಾರ್ಸಿಲೋನಾ ಅತಿಥಿಯ ಹಾಗೆ ಆಡಿತು, 3-2ರಿಂದ ಸೋತಿತು. ಆ ಮ್ಯಾಚು ನಡೆದದ್ದು ಯುರೋಪಾ ಲೀಗ್ ಎಂಬ ಟೂರ್ನಿಯಲ್ಲಿ; ಮುಂದಿನ ತಿಂಗಳು ಫ್ರಾಂಕ್‌ಫರ್ಟ್ ಅದನ್ನು ಗೆದ್ದಿತು, 1980ರ ನಂತರ ಯುರೋಪ್ ಮಟ್ಟದ ಅವರ ಮೊದಲ ಕಪ್. ಆ ಗೆಲುವಿನಲ್ಲಿ ಅಭಿಮಾನಿಗಳ ಪಾಲು ಎಷ್ಟು ಅಂತ ಅಳೆಯಲು ಆಗುವುದಿಲ್ಲ. ಆದರೆ ಒಂದು ವಿಷಯ ಗೊತ್ತು. ಕೋವಿಡ್ ಕಾರಣಕ್ಕೆ ಹೆಚ್ಚೂಕಡಿಮೆ ಖಾಲಿ ಮೈದಾನದಲ್ಲಿ ನಡೆದ 2020-21ರ ಪ್ರೀಮಿಯರ್ ಲೀಗಿನಲ್ಲಿ ಆತಿಥೇಯರಿಗಿಂತ ಹೊರಗಿನಿಂದ ಬಂದ ತಂಡಗಳೇ ಜಾಸ್ತಿ ಮ್ಯಾಚ್ ಗೆದ್ದವು. ಅದಕ್ಕೆ ಮೊದಲು ಆ ಲೀಗಿನಲ್ಲಿ ಯಾವ ಸೀಸನ್ನಿನಲ್ಲೂ ಹಾಗಾಗಿರಲಿಲ್ಲ. ಜನರ ದನಿ ಆಟವನ್ನು ಮುಟ್ಟುತ್ತದೆ.

ಕೆಟ್ಟದ್ದನ್ನೂ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. 1985ರಲ್ಲಿ ಬ್ರಸೆಲ್ಸಿನ ಹೇಸೆಲ್ ಮೈದಾನದಲ್ಲಿ ಲಿವರ್‌ಪೂಲ್ ಅಭಿಮಾನಿಗಳ ಒಂದು ಗುಂಪು ನುಗ್ಗಿದ್ದರಿಂದ ಗೋಡೆ ಕುಸಿದು 39 ಜನ ಸತ್ತರು, ಹೆಚ್ಚಿನವರು ಇಟಲಿಯಿಂದ ಬಂದ ಯುವೆಂಟಸ್ ಅಭಿಮಾನಿಗಳು. ಆದರೆ ಇಂಥ ಘಟನೆಗಳಿಂದ ಊರು ಬಿಟ್ಟು ಬರುವ ಪ್ರತಿಯೊಬ್ಬ ಅಭಿಮಾನಿಯನ್ನೂ ಪುಂಡ ಅಂತಲೇ ನೋಡುವ ಅಭ್ಯಾಸ ಬಂತು. ನಾಲ್ಕು ವರ್ಷದ ನಂತರ, 1989ರ ಏಪ್ರಿಲ್ 15ರಂದು, ಲಿವರ್‌ಪೂಲ್ ಅಭಿಮಾನಿಗಳು ಇಂಗ್ಲೆಂಡಿನ ಕ್ಲಬ್ಬುಗಳ ಟೂರ್ನಿಯಾದ ಎಫ್‌ಎ ಕಪ್ಪಿನ ಸೆಮಿಫೈನಲ್ ನೋಡಲು ಶೆಫೀಲ್ಡಿನ ಹಿಲ್ಸ್‌ಬರೊ ಮೈದಾನಕ್ಕೆ ಹೋದರು. ಬೇಲಿ ಹಾಕಿದ ಜಾಗದಲ್ಲಿ ನೂಕುನುಗ್ಗಲಾಗಿ ಸತ್ತವರು 97 ಜನ. ಮಕ್ಕಳೂ ಇದ್ದರು. ಪೊಲೀಸರು ತಪ್ಪನ್ನು ಅಭಿಮಾನಿಗಳ ಮೇಲೆ ಹಾಕಿದರು. ಮನೆಯವರು ಬಿಡದೆ ಹೋರಾಡಿದರು. ಅಭಿಮಾನಿಗಳ ತಪ್ಪಿರಲಿಲ್ಲ, ಅದು ಕಾನೂನುಬಾಹಿರ ಸಾವು ಅಂತ ತೀರ್ಪು ಬಂದದ್ದು 2016ರಲ್ಲಿ. 27 ವರ್ಷ! ಬೆಳಿಗ್ಗೆ ಸ್ಕಾರ್ಫ್ ಹಾಕಿಕೊಂಡು ಹೊರಟ ಮಗನ ಹೆಸರಿಗೆ ಅಂಟಿದ ಕಳಂಕ ತೊಳೆಯಲು 27 ವರ್ಷ. ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಅರ್ಜೆಂಟೀನಾದಲ್ಲಿ ಬೇರೆ ಥರ. 2013ರಲ್ಲಿ ಮೈದಾನದ ಹೊರಗಿನ ಗಲಭೆಯಲ್ಲಿ ಒಬ್ಬ ಅಭಿಮಾನಿ ಸತ್ತ ಮೇಲೆ ಅಲ್ಲಿ ಹೊರಗಿನ ತಂಡದ ಅಭಿಮಾನಿಗಳನ್ನೇ ನಿಷೇಧಿಸಿದರು. ವರ್ಷಗಟ್ಟಲೆ, ಒಂದೇ ಊರಿನ ಕಡುವೈರಿಗಳಾದ ರಿವರ್ ಪ್ಲೇಟ್, ಬೊಕಾ ಜೂನಿಯರ್ಸ್ ಮ್ಯಾಚು ಅಂದರೂ ಒಂದೇ ಕಡೆಯ ಜನ. 2018ರಲ್ಲಿ ಈ ಎರಡು ತಂಡಗಳೇ ದಕ್ಷಿಣ ಅಮೆರಿಕದ ಕ್ಲಬ್ಬುಗಳ ದೊಡ್ಡ ಟೂರ್ನಿ ಕೋಪಾ ಲಿಬರ್ಟಡೋರೆಸ್‌ನ ಎರಡು ಪಂದ್ಯಗಳ ಫೈನಲ್ ತಲುಪಿದವು. ಬೊಕಾ ಬಸ್ಸಿನ ಮೇಲೆ ಕಲ್ಲು ಬಿತ್ತು, ಕೊನೆಗೆ ಎರಡನೇ ಪಂದ್ಯವನ್ನು ಸಾಗರ ದಾಟಿಸಿ ಮ್ಯಾಡ್ರಿಡ್‌ನಲ್ಲಿ ಆಡಿಸಿದರು. ತಮ್ಮ ಊರಿನಲ್ಲಿ ಒಂದೇ ಮೈದಾನದೊಳಗೆ ಇರಲು ಆಗದ ಎರಡು ಕಡೆಯವರೂ ಹತ್ತು ಸಾವಿರ ಕಿಲೋಮೀಟರ್ ದೂರದಲ್ಲಿ ಒಟ್ಟಿಗೆ ಕೂತು ಆಟ ನೋಡಿದರು. ಹಿಂಸೆ ನಿಲ್ಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರನ್ನೂ ಹೊರಗಿಡುವುದು ಪರಿಹಾರ ಅಂತ ನಾನು ಒಪ್ಪುವುದಿಲ್ಲ. ಆ ಕಡೆಯ ಹಾಡು ಇಲ್ಲದಿದ್ದರೆ ಈ ಕಡೆಯ ಹಾಡಿಗೆ ಉತ್ತರ ಎಲ್ಲಿಂದ ಬರಬೇಕು?

ಇವತ್ತು ಈ ಜನರಿಗೆ ದೊಡ್ಡ ತೊಂದರೆ ಹೊಡೆದಾಟದ್ದಲ್ಲ, ವೇಳಾಪಟ್ಟಿಯದು. ಟಿವಿಗೆ ಬೇಕಾದ ಹಾಗೆ ಮ್ಯಾಚಿನ ದಿನ, ಹೊತ್ತು ಬದಲಾಗುತ್ತದೆ. ಮೊದಲೇ ಮಾಡಿಸಿದ ರೈಲು ಟಿಕೆಟ್ ವ್ಯರ್ಥ, ರಾತ್ರಿ ಆಟ ಮುಗಿಯುವ ಹೊತ್ತಿಗೆ ಕೊನೆಯ ರೈಲು ಹೋಗಿರುತ್ತದೆ. ಜರ್ಮನಿಯವರು ಇದನ್ನು ಸಹಿಸಲಿಲ್ಲ. ಬುಂಡೆಸ್‌ಲೀಗಾದಲ್ಲಿ ಸೋಮವಾರ ರಾತ್ರಿ ಮ್ಯಾಚು ತಂದಾಗ, 2018ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟ್ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಚೆಂಡುಗಳನ್ನು ಎಸೆದು ಆಟ ತಡೆದರು. ತಮ್ಮದೇ ಮೈದಾನದಲ್ಲಿ ಮಾಡಿದ ಪ್ರತಿಭಟನೆ, ದೂರದಿಂದ ಬರುವವರ ಪರವಾಗಿಯೂ. 2021-22ರಿಂದ ಸೋಮವಾರದ ಮ್ಯಾಚು ನಿಂತೇ ಹೋಯಿತು. ಇಂಗ್ಲೆಂಡಿನಲ್ಲಿ ಟಿಕೆಟ್ ದರದ ಜಗಳ. ಅವೇ ಟಿಕೆಟ್ಟಿಗೆ 20 ಪೌಂಡ್ ಸಾಕು ಅಂತ 2013ರಲ್ಲಿ ಅಭಿಮಾನಿಗಳ ಸಂಘ ಚಳವಳಿ ಶುರು ಮಾಡಿತು. ಬೇರೆ ಬೇರೆ ಕ್ಲಬ್ಬಿನವರು, ಶನಿವಾರ ಒಬ್ಬರನ್ನೊಬ್ಬರು ಹೀಯಾಳಿಸುವವರು, ಒಂದೇ ಬ್ಯಾನರ್ ಹಿಂದೆ ನಿಂತರು. 20 ಆಗಲಿಲ್ಲ, ಆದರೆ 2016-17ರಿಂದ ಪ್ರೀಮಿಯರ್ ಲೀಗಿನಲ್ಲಿ ಅವೇ ಟಿಕೆಟ್ 30 ಪೌಂಡ್ ಮೀರಬಾರದು ಅಂತ ಮಿತಿ ಬಂತು.

ಕ್ಲಬ್ಬಿನವರು ಇವರ ಋಣ ನೆನೆಯುವುದೂ ಉಂಟು. 2009ರ ನವೆಂಬರಿನಲ್ಲಿ ವಿಗನ್ ತಂಡ ಟಾಟನ್‌ಹ್ಯಾಮ್ ಎದುರು 9-1ರಿಂದ ಸೋತಾಗ, ಅಲ್ಲಿಗೆ ಬಂದಿದ್ದ ತಮ್ಮ ಅಭಿಮಾನಿಗಳ ಟಿಕೆಟ್ ಹಣವನ್ನು ಆಟಗಾರರೇ ಕೈಯಿಂದ ವಾಪಸ್ ಕೊಟ್ಟರು.

ಕೊನೆಗೆ ಒಬ್ಬ ಮನುಷ್ಯನ ವಿಷಯ. 2012ರ ಡಿಸೆಂಬರ್, ಒಂದು ಸೋಮವಾರ ರಾತ್ರಿ, ಇಟಲಿಯ ಜಿನೋವಾ. ಸಂಪ್ಡೋರಿಯಾ ಎದುರು ಉದಿನೇಸೆ. ಉದಿನೇಸೆ ಅಭಿಮಾನಿಗಳ ಜಾಗದಲ್ಲಿ ಸಾವಿರಾರು ಖಾಲಿ ಸೀಟು, ಅದರ ನಡುವೆ ಒಬ್ಬನೇ ಒಬ್ಬ. ಇನ್ನೂ ಒಂದಷ್ಟು ಜನ ಇರುತ್ತಾರೆ ಅಂದುಕೊಂಡು ಬಂದಿದ್ದನಂತೆ. ಅವನು ಒಳಗೆ ಬಂದಾಗ ಆತಿಥೇಯ ತಂಡದ ಜನ ಕೂಗಿ ಗೇಲಿ ಮಾಡಿದರು. ಅವನು ಎದ್ದು ಹೋಗಲಿಲ್ಲ. ಉದಿನೇಸೆ 2-0ಯಿಂದ ಗೆದ್ದಿತು. ಆಟ ಮುಗಿಯುವ ಹೊತ್ತಿಗೆ ಅದೇ ಜನ ಅವನಿಗೆ ಚಪ್ಪಾಳೆ ತಟ್ಟಿದರು, ಕಾಫಿಗೆ ಬಾ ಅಂತ ಕರೆದರು.