ಕೊಳಗ ಯಾರ ಕೈಲಿದೆ: ಸಂಬಳ ಇಲ್ದೆ ಟ್ರಸ್ಟು ನಡೆಸೋರ ಜೊತೆ ಒಂದಿಷ್ಟು ಮಾತು

ಎಲ್ರಿಗೂ ನಮಸ್ಕಾರ. ಈ ಮಳೇಲಿ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದೋರು ಬೆಳಗ್ಗೆ ಐದಕ್ಕೇ ಎದ್ದು ಬಸ್ ಹಿಡಿದಿರ್ತೀರ, ಅದಕ್ಕೆ ನೇರ ವಿಷಯಕ್ಕೆ ಬರ್ತೀನಿ.

ಸಾಗರದ ಹತ್ರ ಕಾಗೋಡು ಅಂದ್ರೆ ಇಲ್ಲಿರೋರಿಗೆ ಬಿಡಿಸಿ ಹೇಳೋದು ಬೇಡ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ರು, ಎಚ್. ಗಣಪತಿಯಪ್ಪನೋರು ಮುಂದೆ ನಿಂತ್ರು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದ್ರು, ಇವೆಲ್ಲಾ ನಿಮಗೆ ಗೊತ್ತು. ಆ ಜಗಳದ ಬುಡದಲ್ಲಿ ಇದ್ದಿದ್ದು ಒಂದು ಕೊಳಗ. ಗೇಣಿ ಭತ್ತ ಅಳೆಯೋ ಕೊಳಗ ಒಡೇರ ಮನೇದು, ಅದು ದೊಡ್ಡದು, ಹಿಂಗಾಗಿ ಲೆಕ್ಕದಲ್ಲಿ ಇಷ್ಟೇ ಕೊಳಗ ಅಂತ ಇದ್ರೂ ಕಣದಿಂದ ಹೋಗೋ ಭತ್ತ ಜಾಸ್ತಿ. ಅಳತೆ ಸರಿ ಇರಲಿ ಅಂತ ಕೇಳಿದ್ದು ದೊಡ್ಡ ಹೋರಾಟ ಆಯ್ತು.

ನಾನು ಆರು ವರ್ಷದಿಂದ ಒಂದು ಸಣ್ಣ ಟ್ರಸ್ಟಿನ ಟ್ರಸ್ಟಿ. ನಮ್ಮ ಟ್ರಸ್ಟು ಸ್ವಂತ ಶಾಲೆ, ಆಸ್ಪತ್ರೆ ಅಂತ ಏನೂ ನಡೆಸಲ್ಲ. ಈ ಜಿಲ್ಲೇಲಿ ಇರೋ ಸಣ್ಣ ಸಣ್ಣ ಸಮುದಾಯದವರು, ಹಸಲರು, ಗೌಡಲು, ಮೇದಾರರು, ಹಕ್ಕಿಪಿಕ್ಕಿ ಜನ, ತಾಂಡಾಗಳ ಲಂಬಾಣಿಗರು, ಇವರು ತಾವೇ ಕಟ್ಕೊಂಡ ಗುಂಪುಗಳಿಗೆ ಕೈ ಜೋಡಿಸ್ತೀವಿ. ಬ್ಯಾಂಕ್ ಅಕೌಂಟ್ ಓಪನ್ ಮಾಡಿಸೋದು, ಲೆಕ್ಕ ಬರೆಯೋದು ಕಲಿಸೋದು, ಐದು ಸಾವಿರ ಹತ್ತು ಸಾವಿರ ದುಡ್ಡು ಕೊಡೋದು, ಇಷ್ಟೇ. ಈ ಕೆಲಸ ಮಾಡ್ತಾ ಮಾಡ್ತಾ ನನಗೆ ಆ ಕೊಳಗ ತುಂಬಾ ಸಲ ನೆನಪಿಗೆ ಬಂದಿದೆ. ಯಾಕಂದ್ರೆ ಯಾವ ಗುಂಪು ಒಳ್ಳೇದು, ಯಾವುದು ಇನ್ನೂ ರೆಡಿ ಆಗಿಲ್ಲ, ಯಾವ ಅರ್ಜಿಗೆ ಕೊಡಬೇಕು, ಅದನ್ನೆಲ್ಲ ಅಳೀತಾ ಕೂತಿದ್ದೋರು ಯಾರು ಅಂದ್ರೆ ನಾವು. ರಿಟೈರ್ ಆದ ಬ್ಯಾಂಕಿನೋರು, ಮೇಷ್ಟ್ರು, ಒಬ್ರು ವಕೀಲರು, ಒಬ್ರು ಡಾಕ್ಟ್ರು. ಏಳು ಜನ ಟ್ರಸ್ಟಿಗಳಲ್ಲಿ ಆ ಸಮುದಾಯದವರು ಒಬ್ರೂ ಇರಲಿಲ್ಲ ಮಾರಾಯ್ರೆ. ಮೂರು ವರ್ಷ ಹಂಗೇ ನಡೀತು, ಯಾರಿಗೂ ಅದು ತಪ್ಪು ಅಂತ ಅನ್ನಿಸಲೇ ಇಲ್ಲ.

ಹಸಲರ ಹೆಂಗಸರ ಒಂದು ಗುಂಪು ಬಂದಾಗ ನಮಗೆ ಎಚ್ಚರ ಆಯ್ತು. ಅರಣ್ಯ ಹಕ್ಕು ಅರ್ಜಿ ಕೆಲಸಕ್ಕೆ ದುಡ್ಡು ಬೇಕು ಅಂತ ಕೇಳಿದ್ರು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆಯಿಂದ ಆ ಜಾಗದಲ್ಲಿ ಇದ್ದೋರು ಅಂತ ತೋರಿಸಬೇಕು, ಉಳಿದೋರಾದ್ರೆ 75 ವರ್ಷದ ವಾಸ ತೋರಿಸಬೇಕು. ಅದಕ್ಕೆ ಗ್ರಾಮ ಅರಣ್ಯ ಹಕ್ಕು ಸಮಿತಿ, ಗ್ರಾಮಸಭೆ, ತಾಲ್ಲೂಕು ಆಫೀಸು ಅಂತ ಓಡಾಟ. ಅವರು ಕೇಳಿದ್ದು ಜೆರಾಕ್ಸಿಗೆ, ಜೀಪ್ ಬಾಡಿಗೆಗೆ, ನಕ್ಷೆ ಮಾಡಿಸೋಕೆ. ನಾವು ಎಂತ ಹೇಳಿದ್ವಿ ಗೊತ್ತಾ, ಹೊಲಿಗೆ ಮಷಿನ್ ಕೊಡ್ತೀವಿ, ಸ್ವಂತ ಉದ್ಯೋಗ ಆಗುತ್ತೆ ಅಂದ್ವಿ. ಅವರಲ್ಲಿ ಹಿರಿಯಮ್ಮ ಒಬ್ರು ಸುಮ್ನೆ ಕೇಳಿಸ್ಕೊಂಡ್ರು, ಆಮೇಲೆ ಹೇಳಿದ್ರು, "ಸಾರ್, ಮನೆ ನಮ್ಮದು ಅಂತ ಕಾಗದ ಇಲ್ಲ, ಮಷಿನ್ ಎಲ್ಲಿ ಇಡಾದು?" ಅಂತ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಉದ್ದೇಶ ಒಳ್ಳೇದೇ ಇತ್ತು, ಆದ್ರೂ ಅವರ ಬದುಕನ್ನ ನಮ್ಮ ಅಳತೇಲೇ ಅಳೆದಿದ್ವಿ ನಾವು.

ಆಮೇಲೆ ಟ್ರಸ್ಟ್ ಡೀಡ್, ಅಂದ್ರೆ ಟ್ರಸ್ಟಿನ ನಿಯಮ ಬರೆದಿರೋ ಪತ್ರ, ತೆಗೆದು ಓದಿದ್ವಿ. ಹೊಸಬರಿಗೆ ನಾನು ಮೊದಲು ಹೇಳೋದೇ ಇದು, ಡೀಡ್ ಓದಿ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆದ ದಿನದಿಂದ ಅದು ಬೀರುವಲ್ಲೇ ಇರುತ್ತೆ, ಎಷ್ಟೋ ಟ್ರಸ್ಟಿಗಳು ಒಂದು ಸಲನೂ ನೋಡಿರಲ್ಲ. ನಮ್ಮ ಡೀಡಲ್ಲಿ ಏಳರಿಂದ ಹನ್ನೊಂದು ಟ್ರಸ್ಟಿಗಳು ಇರಬಹುದು ಅಂತ ಇತ್ತು, ಅಂದ್ರೆ ನಾಕು ಕುರ್ಚಿ ಮೊದಲಿನಿಂದ ಖಾಲಿನೇ ಇದ್ವು. ಆ ನಾಕಕ್ಕೂ ಸಮುದಾಯದವರನ್ನೇ ಕರೀಬೇಕು ಅಂತ ಆಯ್ತು, ಟ್ರಸ್ಟಿ ಅವಧಿ ಮೂರು ವರ್ಷ, ಹೆಚ್ಚು ಅಂದ್ರೆ ಎರಡು ಸಲ ಅಂತ ನಿರ್ಣಯ ಮಾಡಿದ್ವಿ.

ಆಗ ಒಂದು ಮಾತು ಬಂತು, ಈಗ್ಲೂ ಬೇರೆ ಬೇರೆ ಕಡೆ ಕೇಳ್ತೀನಿ. "ಅವರಿಗೆ ನಡೆಸಕ್ಕೆ ಆಗುತ್ತಾ?" ಅಂತ. ಈ ಮಾತು ಕೇಳಿದ್ರೆ ನನಗೆ ಬೇಜಾರಾಗುತ್ತೆ. ಲಂಬಾಣಿ ತಾಂಡಾದಲ್ಲಿ ನಾಯಕ, ಕಾರಭಾರಿ, ಡಾವ್ ಅಂತ ಹಿರೀಕರ ವ್ಯವಸ್ಥೆ ನಮ್ಮ ಟ್ರಸ್ಟು ಹುಟ್ಟೋಕೆ ಎಷ್ಟೋ ಮುಂಚಿನಿಂದ ಇದೆ, ಜಗಳ ತೀರ್ಮಾನ ಮಾಡಿದಾರೆ, ಎಲ್ರನ್ನೂ ಕೂರಿಸಿ ಕೇಳಿದಾರೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ ನಿಮಗೆ? 1991ರಲ್ಲಿ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ ಕಟ್ಟಿದ ಸೊಸೈಟಿ ಅದು, ಈ ಘಟ್ಟದ ರಸ್ತೇಲಿ ಹತ್ತಿರ ಹತ್ತಿರ ಮೂವತ್ತು ವರ್ಷ ಬಸ್ ಓಡಿಸಿದ್ರು, ನಾನೇ ಎಷ್ಟು ಸಲ ಓಡಾಡಿದೀನಿ ಅದರಲ್ಲಿ. 2020ರಲ್ಲಿ ನಿಂತು ಹೋಯ್ತು, ಆ ನೋವು ಮಲೆನಾಡಿನೋರಿಗೆ ಇನ್ನೂ ಇದೆ. ಆದ್ರೆ ದುಡಿಯೋ ಜನ ಆಡಳಿತ ಮಾಡಕ್ಕೆ ಬರಲ್ಲ ಅನ್ನೋರು ಆ ಮೂವತ್ತು ವರ್ಷ ನೋಡಬೇಕು.

ಕರೆದ್ವಿ, ಸರಿ. ನಾಕು ಜನ ಒಪ್ಪಿದ್ರು. ಮೊದಲ ಮೀಟಿಂಗಿಗೆ ಬಂದೋರು ಇಬ್ರು, ಎರಡನೇದಕ್ಕೆ ಒಬ್ರು, ಮೂರನೇದಕ್ಕೆ ಯಾರೂ ಇಲ್ಲ. ನಮ್ಮಲ್ಲಿ ಕೆಲವರು ಆಸಕ್ತಿ ಇಲ್ಲ ಅವರಿಗೆ ಅಂದ್ರು. ನಾನು ಹೋಗಿ ಕೇಳ್ದೆ. ಮೀಟಿಂಗ್ ಇಡ್ತಿದ್ದಿದ್ದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ, ಶಿವಮೊಗ್ಗ ಪೇಟೇಲಿ. ಪೆನ್ಷನ್ ಇರೋರಿಗೆ ಬುಧವಾರ ಹನ್ನೊಂದು ಗಂಟೆ ಒಳ್ಳೆ ಟೈಮು. ಕೂಲಿಗೆ ಹೋಗೋರಿಗೆ ಒಂದು ದಿನದ ದುಡಿಮೆ ಹೋಯ್ತು, ನರೇಗಾ ಲೆಕ್ಕ ಹಿಡಿದ್ರೂ 2025-26ರಲ್ಲಿ ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಅಡಿಕೆ ಕೊಯ್ಲಲ್ಲಿ ಇನ್ನೂ ಜಾಸ್ತಿ ಸಿಗುತ್ತೆ. ಬಸ್ ಚಾರ್ಜ್ ಬೇರೆ. ಇನ್ನು ಜುಲೈ ಅಂದ್ರೆ ಉಪ್ಪಾಗೆ ಕಾಲ, ಕಾಡಿಂದ ಹಣ್ಣು ತಂದು ಸಿಪ್ಪೆ ಬಿಡಿಸಿ ಮಳೇಲಿ ಬೆಂಕಿ ಹಾಕಿ ಒಣಗಿಸಬೇಕು, ಒಂದು ದಿನ ಬಿಟ್ರೆ ಬೂಷ್ಟು ಬರುತ್ತೆ, ವರ್ಷದ ಕೈಕಾಸು ಹೋಗುತ್ತೆ. ಅದನ್ನ ಬಿಟ್ಟು ಬಂದು ನಮ್ಮ ಫ್ಯಾನ್ ಕೆಳಗೆ ಕೂತ್ಕೊಳ್ಳಿ ಅಂತ ಕರೀತಾ ಇದ್ವಿ ನಾವು.

ಉಚಿತ ಸೇವೆ ಅನ್ನೋದು ಎಲ್ರಿಗೂ ಒಂದೇ ಬೆಲೆಗೆ ಸಿಗಲ್ಲ, ಇದನ್ನ ದಯವಿಟ್ಟು ಯೋಚನೆ ಮಾಡಿ. ಇಂಗ್ಲೆಂಡಲ್ಲಿ ಚಾರಿಟಿ ಕಮಿಷನ್ ಅಂತ 1853ರಿಂದ ಇದೆ, ಅಲ್ಲೂ ಟ್ರಸ್ಟಿಗಳಿಗೆ ಸಾಮಾನ್ಯವಾಗಿ ಸಂಬಳ ಇಲ್ಲ, ಬೇರೆ ದೇಶದಿಂದ ಹೋಗಿ ನೆಲೆಸಿದ ಜನರ ಸಂಘಗಳಿಗೆ ಸಹಾಯ ಮಾಡೋ ಚಾರಿಟಿಗಳೂ ಹಿಂಗೇ ಬಿಟ್ಟಿ ದುಡಿಯೋ ಟ್ರಸ್ಟಿಗಳಿಂದಲೇ ನಡೆಯೋದು. ಆದ್ರೆ ಓಡಾಟದ ಖರ್ಚು ವಾಪಸ್ ತಗೋಬಹುದು, ಮೀಟಿಂಗಿಗೆ ಬಂದಾಗ ಮಗೂನ ನೋಡ್ಕೊಳ್ಳೋರಿಗೆ ಕೊಟ್ಟ ದುಡ್ಡೂ ತಗೋಬಹುದು, ಅದನ್ನ ಯಾರೂ ಸಂಬಳ ಅನ್ನಲ್ಲ. ಕೂಲಿ ತಪ್ಪಿದ್ದಕ್ಕೆ ಕೊಟ್ರೆ ಮಾತ್ರ ಅದು ಸಂಬಳದ ಲೆಕ್ಕಕ್ಕೆ ಬರುತ್ತೆ ಅಲ್ಲಿ. ನಾವೂ ಕೂಲಿ ಕೊಡೋ ದಾರಿಗೆ ಹೋಗಲಿಲ್ಲ, ಬಸ್ ಚಾರ್ಜ್ ಊಟದ ಖರ್ಚು ಅಲ್ಲೇ ಕೈಗೆ ಕೊಡೋದು ಅಂತ ಮಾಡಿದ್ವಿ, ಬಿಲ್ ಹಾಕಿ ತಿಂಗಳು ಕಾಯೋದು ಬೇಡ ಅಂತ. ಮೀಟಿಂಗ್ ಸಂಜೆ ಆರಕ್ಕೆ ಬದಲಾಯ್ತು, ಒಂದು ಸಲ ತಾಂಡಾದಲ್ಲಿ, ಒಂದು ಸಲ ಹಸಲರ ಕೇರೀಲಿ, ಒಂದು ಸಲ ಪೇಟೇಲಿ. ಜುಲೈ ಆಗಸ್ಟಲ್ಲಿ ಮೀಟಿಂಗೇ ಇಲ್ಲ. ಈಗ ಹನ್ನೊಂದರಲ್ಲಿ ಒಂಬತ್ತು ಜನ ಖಾಯಂ ಇರ್ತಾರೆ.

ಮಿನಿಟ್ಸ್ ಪುಸ್ತಕ ಇಂಗ್ಲಿಷಲ್ಲಿ ಇತ್ತು, ಕನ್ನಡಕ್ಕೆ ತಂದ್ವಿ, ಆಡಿಟರ್ ಏನೂ ತಕರಾರು ಮಾಡಲಿಲ್ಲ. ಅದರಲ್ಲೂ ಒಂದು ವಿಷಯ ಇದೆ, ಕನ್ನಡನೂ ಎಲ್ರ ಮನೆ ಮಾತಲ್ಲ. ಹಕ್ಕಿಪಿಕ್ಕಿ ಜನ ಮನೇಲಿ ಮಾತಾಡೋದು ವಾಗ್ರಿ, ತಾಂಡಾದಲ್ಲಿ ಗೋರ್ ಬೋಲಿ. ಅದಕ್ಕೆ ನಿರ್ಣಯ ಬರೆದ ಮೇಲೆ ಗಟ್ಟಿಯಾಗಿ ಓದ್ತೀವಿ, ಬೇಕಾದೋರು ಅವರವರ ಭಾಷೇಲಿ ಮಾತಾಡ್ಕೊಳ್ತಾರೆ, ಆಮೇಲೆ ಸಹಿ.

ಈಗ ಒಂದು ಕಷ್ಟದ ವಿಷಯ. ಆದಾಯ ತೆರಿಗೆ ಕಾಯ್ದೇಲಿ ಟ್ರಸ್ಟಿನ ದುಡ್ಡಿಂದ ಟ್ರಸ್ಟಿಗೆ, ಅವರ ಸಂಬಂಧಿಕರಿಗೆ ಲಾಭ ಆದ್ರೆ ತೆರಿಗೆ ವಿನಾಯಿತಿಗೇ ಪೆಟ್ಟು ಬೀಳುತ್ತೆ. ಸಮುದಾಯದವರೇ ಟ್ರಸ್ಟಿ ಆದಾಗ ಅವರ ಗುಂಪಿನ ಅರ್ಜಿ ಬರೋದು ಸಹಜ. ವಕೀಲರು ಹೇಳಿದ್ರು, ಆ ಅರ್ಜಿ ಚರ್ಚೆಗೆ ಬಂದಾಗ ಅವರು ಮೊದಲೇ ತಮ್ಮ ಸಂಬಂಧ ಹೇಳಬೇಕು, ಹೊರಗೆ ಹೋಗಬೇಕು, ಅದು ಪುಸ್ತಕದಲ್ಲಿ ಬರೀಬೇಕು ಅಂತ. ನಿಯಮ ಸರಿಯಾಗೇ ಇದೆ. ಮೊದಲ ಸಲ ತಾಂಡಾದ ಹುಡುಗನ ಗುಂಪಿನ ಅರ್ಜಿ ಬಂತು, ಅವನು ಎದ್ದು ಹೋಗಿ ಜಗಲೀಲಿ ನಿಂತ. ಕಿಟಕೀಲಿ ಕಾಣ್ತಿದ್ದ, ಮಳೆ ಇರಚಲು ಹೊಡೀತಾ ಇತ್ತು. ಅವನ ಅಜ್ಜ ಮುತ್ತಜ್ಜ ಎಷ್ಟು ಮನೆ ಜಗಲಿ ಕೆಳಗೆ ಹಿಂಗೆ ನಿಂತಿದ್ರೋ ಅಂತ ನನಗೆ ಹೊಟ್ಟೆ ಕಿವುಚಿದ ಹಾಗಾಯ್ತು, ಉಳಿದೋರಿಗೂ ಹಂಗೇ ಆಗಿತ್ತು, ಯಾರಿಗೂ ಚರ್ಚೆ ಮಾಡಕ್ಕೆ ಆಗಲಿಲ್ಲ. ನಿಯಮ ಬಿಡೋ ಹಾಗಿಲ್ಲ, ಆದ್ರೆ ಅದು ಅವರಿಗೆ ಮಾತ್ರ ಅನ್ನೋ ಹಾಗೆ ಇರಬಾರದು. ಅದಕ್ಕೆ ಮೀಟಿಂಗ್ ಶುರು ಆಗೋವಾಗಲೇ ಹನ್ನೊಂದು ಜನನೂ ಒಬ್ಬೊಬ್ರಾಗಿ ಹೇಳ್ತೀವಿ ಇವತ್ತಿನ ಯಾವ ವಿಷಯದಲ್ಲಿ ನನಗೆ ಸಂಬಂಧ ಇದೆ ಅಂತ. ಮೇಷ್ಟ್ರ ಹೆಂಡತಿ ಪಾಠ ಹೇಳೋ ಟ್ಯೂಷನ್ ಗುಂಪಿನ ಅರ್ಜಿ ಬಂದಾಗ ಮೇಷ್ಟ್ರೂ ಎದ್ದು ಹೋದ್ರು, ನಮ್ಮ ಊರಿನ ಗುಂಪಿನದ್ದು ಬಂದಾಗ ನಾನೂ ಹೋದೆ. ಹೊರಗೆ ನಿಲ್ಲೋದು ಅಂತ ಇಲ್ಲ ಈಗ, ಪಕ್ಕದ ರೂಮಲ್ಲಿ ಕುರ್ಚಿ ಇದೆ, ಕಾಫಿ ಇರುತ್ತೆ, ಇನ್ನೊಬ್ಬ ಟ್ರಸ್ಟಿ ಜೊತೆಗೆ ಹೋಗಿ ಕೂರ್ತಾರೆ, ಒಳಗೆ ಕೋರಂ, ಅಂದ್ರೆ ತೀರ್ಮಾನಕ್ಕೆ ಬೇಕಾದಷ್ಟು ಜನ, ಇದ್ರೆ ಸಾಕಲ್ಲ.

ದುಡ್ಡಿನ ವಿಷಯ ಬೇಗ ಹೇಳ್ತೀನಿ. ತೆರಿಗೆ ವಿನಾಯಿತಿ ರಸೀದಿ, 80ಜಿ ಅಂತ ಕರೀತಿದ್ವಲ್ಲ ಅದು, ಕೊಡೋ ದೇಣಿಗೆ ನಗದಲ್ಲಿ 2000 ರೂಪಾಯಿ ದಾಟಿದ್ರೆ ಕೊಟ್ಟೋರಿಗೆ ವಿನಾಯಿತಿ ಇಲ್ಲ, ಬಂದ ಆದಾಯದಲ್ಲಿ 85 ಪರ್ಸೆಂಟ್ ಉದ್ದೇಶಕ್ಕೆ ಖರ್ಚಾಗಬೇಕು. ವಿದೇಶದ ದುಡ್ಡು ಬೇಕು ಅಂತ ತುಂಬಾ ಜನ ಕೇಳ್ತಾರೆ. 2020ರಲ್ಲಿ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಹಂಗೆ ಬಂದ ದುಡ್ಡನ್ನ ಇನ್ನೊಂದು ಸಂಸ್ಥೆಗೆ ದಾಟಿಸೋ ಹಾಗಿಲ್ಲ, ಆಡಳಿತ ಖರ್ಚಿನ ಮಿತಿಯೂ 50ರಿಂದ 20 ಪರ್ಸೆಂಟಿಗೆ ಇಳೀತು. ಗುಂಪುಗಳಿಗೆ ಹಂಚೋದೇ ನಮ್ಮ ಕೆಲಸ ಆಗಿರೋದ್ರಿಂದ ಆ ದಾರಿ ನಮಗಲ್ಲ, ಇಲ್ಲಿನ ಜನರ ದುಡ್ಡಲ್ಲೇ ನಡೆಸ್ತೀವಿ. ಕಷ್ಟ ಇದೆ, ಆದ್ರೂ ಸರಿ ಅನ್ಸುತ್ತೆ ನನಗೆ.

2023ರ ಏಪ್ರಿಲಲ್ಲಿ ಸುಡಾನಲ್ಲಿ ಯುದ್ಧ ಶುರು ಆದಾಗ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕ್ಕೊಂಡಿದ್ದು ನಿಮಗೆ ನೆನಪಿರುತ್ತೆ, ಎಣ್ಣೆ, ಗಿಡಮೂಲಿಕೆ ಮಾರೋಕೆ ಹೋದೋರು. ಆಗ ನಮ್ಮ ಬೋರ್ಡಿಗೆ ಹೊಸದಾಗಿ ಬಂದಿದ್ದ ಹಕ್ಕಿಪಿಕ್ಕಿ ಕ್ಯಾಂಪಿನ ಅಕ್ಕ ಒಬ್ರು ಎರಡು ದಿನ ಫೋನಲ್ಲೇ ಇದ್ರು, ಯಾರ ಮನೆಯೋರು ಎಲ್ಲಿದಾರೆ, ಯಾರ ಹತ್ರ ಪಾಸ್‌ಪೋರ್ಟಿನ ನಕಲು ಇದೆ ಅಂತ ಒಂದು ನೋಟ್‌ಬುಕ್ಕಲ್ಲಿ ಪಟ್ಟಿ ಮಾಡಿದ್ರು. ನಮಗೆ ಯಾರಿಗೂ ಆ ಪಟ್ಟಿ ಮಾಡಕ್ಕೆ ಆಗ್ತಿರಲಿಲ್ಲ, ಆ ಮನೆಗಳೇ ನಮಗೆ ಗೊತ್ತಿರಲಿಲ್ಲ. ಅವರು ಬೋರ್ಡಲ್ಲಿ ಇಲ್ದೇ ಇದ್ದಿದ್ರೆ ನಾವು ಒಂದು ಮನವಿ ಪತ್ರ ಬರೆದು ಸುಮ್ನೆ ಆಗ್ತಿದ್ವಿ.

ಬರೋ ಮಾರ್ಚಿಗೆ ನನ್ನ ಎರಡನೇ ಅವಧಿ ಮುಗಿಯುತ್ತೆ. ಚೆಕ್ಕಿಗೆ ಸಹಿ ಮಾಡೋ ಇಬ್ಬರಲ್ಲಿ ನಾನೊಬ್ಬ ಇದ್ದೆ, ಹೋದ ತಿಂಗಳು ಬ್ಯಾಂಕಿಗೆ ಹೋಗಿ ನನ್ನ ಹೆಸರು ತೆಗೆಸಿ ಹಸಲರ ಆ ಹಿರಿಯಮ್ಮನ ಹೆಸರು ಹಾಕಿಸಿದ್ವಿ. ಸ್ಪೆಸಿಮನ್ ಸಹಿ ಮಾಡೋಕೆ ಅವರು ತುಂಬಾ ಹೊತ್ತು ತಗೊಂಡ್ರು, ಒಂದೊಂದು ಅಕ್ಷರ ಬಿಡಿಸಿ ಬಿಡಿಸಿ ಬರೆದ್ರು, ಹಿಂದೆ ಕ್ಯೂ ಇತ್ತು, ಕಾದ್ರು. ಹೊರಗೆ ಬಂದ ಮೇಲೆ ಅವರು ಕೇಳಿದ ಮೊದಲನೇ ಪ್ರಶ್ನೆ, ಆ ನಕ್ಷೆ ಮಾಡೋನಿಗೆ ಎರಡನೇ ಕಂತು ಕೊಡೋದು ಬಾಕಿ ಇದೆಯಲ್ಲ ಸಾರ್, ಯಾವತ್ತು ಬರೆಯಾದು ಚೆಕ್ಕು ಅಂತ.

ನನ್ನ ಜಾಗ ಖಾಲಿ ಆಗುತ್ತೆ, ಲೆಕ್ಕ ಗೊತ್ತಿರೋ ಒಬ್ರು ಬೇಕು ನಮಗೆ. ಸಂಜೆ ಆರಕ್ಕೆ ಮೀಟಿಂಗಿಗೆ ಬರೋಕೆ ಆಗೋರು, ತಾಂಡಾದಲ್ಲಿ ನೆಲದ ಮೇಲೆ ಚಾಪೆ ಹಾಸಿ ಕೂರೋಕೆ ಆಗೋರು ಇದ್ರೆ ಊಟದ ಹೊತ್ತಲ್ಲಿ ಬಂದು ಮಾತಾಡಿ. ಡೀಡಿನ ಜೆರಾಕ್ಸ್ ತಂದಿದೀನಿ.