ಕಿವಿಗೆ ಬೀಳದ ವ್ಯಾಕರಣ: ಚೀನೀ ಭಾಷಿಕರ ಇಂಗ್ಲಿಷ್ ಕಲಿಕೆ

ಎಲ್ಲರಿಗೂ ನಮಸ್ಕಾರ.

ಚೀನಾದ ಸಿಚುವಾನ್ ಪ್ರಾಂತದ ರಾಜಧಾನಿ ಚೆಂಗ್ದು. ಅಲ್ಲಿನ ಒಂದು ಕಾಲೇಜಿನಲ್ಲಿ ನಾನು ಆರು ವರ್ಷ ಇಂಗ್ಲಿಷ್ ಪಾಠ ಮಾಡಿದೆ. ಅಲ್ಲಿನ ಮಕ್ಕಳು ಇಂಗ್ಲಿಷ್ ಹೇಗೆ ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಅಂತ ಮಾತಾಡಲು ಕರೆದಿದ್ದೀರಿ. ನೀವೂ ಇಂಗ್ಲಿಷ್ ಪಾಠ ಮಾಡುವವರೇ. ಹಾಗಾಗಿ ಪೀಠಿಕೆ ಬೇಡ, ಒಂದು ಹಾಳೆಯಿಂದಲೇ ಶುರು ಮಾಡುತ್ತೇನೆ.

ಮೊದಲ ವರ್ಷದ ತರಗತಿ. ಉಕ್ತಲೇಖನ ಕೊಟ್ಟಿದ್ದೆ. ನಾನು ಓದಿದ ವಾಕ್ಯ ಇದು: 'ಮೈ ಗ್ರಾಂಡ್‌ಮದರ್ ವಾಕ್ಡ್ ಟು ದ ಮಾರ್ಕೆಟ್ ಟು ಬೈ ಸಮ್ ಎಗ್ಸ್, ಬಟ್ ದ ಶಾಪ್ಸ್ ವರ್ ಕ್ಲೋಸ್ಡ್.' ಮಾತಾಡುವ ವೇಗದಲ್ಲೇ ಎರಡು ಸಲ ಓದಿದೆ. ಮುಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: 'ಮೈ ಗ್ರಾಂಡ್‌ಮದರ್ ವಾಕ್ ಟು ಮಾರ್ಕೆಟ್ ಬೈ ಸಮ್ ಎಗ್, ಬಟ್ ಶಾಪ್ ಕ್ಲೋಸ್.'

ಎಣಿಸಿ ನೋಡಿ. ವಾಕ್ಡ್‌ನ ಕೊನೆಯ ಸದ್ದು ಇಲ್ಲ. ಮಾರ್ಕೆಟ್ ಹಿಂದಿನ 'ದ' ಇಲ್ಲ. ಬೈ ಹಿಂದಿನ 'ಟು' ಇಲ್ಲ. ಎಗ್ಸ್‌ನ 'ಸ್' ಇಲ್ಲ. ಶಾಪ್ ಹಿಂದಿನ 'ದ', ಮುಂದಿನ 'ಸ್', ಆಮೇಲೆ 'ವರ್', ಕ್ಲೋಸ್ಡ್‌ನ 'ಡ್'. ಒಟ್ಟು ಎಂಟು ಚೂರು ಕಾಣೆಯಾಗಿವೆ. ಅಜ್ಜಿ ಇದ್ದಾರೆ, ಮಾರ್ಕೆಟ್ ಇದೆ, ಮೊಟ್ಟೆ ಇದೆ, ಅಂಗಡಿ ಇದೆ. ಹೋಗಿದ್ದು ವ್ಯಾಕರಣ ಮಾತ್ರ.

ಮಾರನೆಯ ದಿನ ಅವಳ ವಾಕ್ಯವನ್ನೇ ಟೈಪ್ ಮಾಡಿ, ಯಾರದು ಅಂತ ಹೇಳದೆ, ತಪ್ಪು ತಿದ್ದಿ ಅಂತ ಇಡೀ ತರಗತಿಗೆ ಕೊಟ್ಟೆ. ಆ ಹುಡುಗಿ ಒಂದೇ ನಿಮಿಷದಲ್ಲಿ ಎಂಟನ್ನೂ ತಿದ್ದಿದಳು. ಒಂದೊಂದಕ್ಕೂ ಯಾವ ನಿಯಮ ಅಂತ ಪಕ್ಕದಲ್ಲಿ ಚೀನೀ ಅಕ್ಷರದಲ್ಲಿ ಬರೆದಿದ್ದಳು. ನನಗಿಂತ ಚೆನ್ನಾಗಿ ಅವಳಿಗೆ ಗ್ರಾಮರ್ ಗೊತ್ತಿತ್ತು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದನ್ನೇ. ವ್ಯಾಕರಣ, ಕೇಳುವುದು, ಓದುವುದು ಅಂತ ನಾವು ಮೂರು ಪೀರಿಯಡ್ ಮಾಡಿಟ್ಟಿದ್ದೇವೆ. ಆದರೆ ಚೀನೀ ಮಾತಾಡುವ ಮಗುವಿನಲ್ಲಿ ಇವು ಒಂದೇ ಗಂಟು. ಕಿವಿಗೆ ಬೀಳದ ವ್ಯಾಕರಣ ಬಾಯಿಗೆ ಬರುವುದಿಲ್ಲ. ಎಷ್ಟೇ ನಿಯಮ ಬಾಯಿಪಾಠ ಮಾಡಿಸಿದರೂ ಬರುವುದಿಲ್ಲ.

ಯಾಕೆ ಬೀಳುವುದಿಲ್ಲ? ನಾವು ಸಾಮಾನ್ಯವಾಗಿ ಚೀನೀ ಅನ್ನುವುದು ಮ್ಯಾಂಡರಿನ್ ಅನ್ನು, ಅದು ಚೀನಾದ ಅಧಿಕೃತ ಭಾಷೆ. ಮ್ಯಾಂಡರಿನ್‌ನಲ್ಲಿ ಒಂದು ಉಚ್ಚಾರಾಂಶ, ಅಂದರೆ ಸಿಲಬಲ್, ಸ್ವರದಲ್ಲಿ ಮುಗಿಯುತ್ತದೆ, ಇಲ್ಲವೇ 'ನ್' ಅಥವಾ 'ಂಗ್' ಸದ್ದಿನಲ್ಲಿ ಮುಗಿಯುತ್ತದೆ. ಬೀಜಿಂಗ್ ಕಡೆಯವರು 'ರ್' ಒಂದನ್ನು ಸೇರಿಸುತ್ತಾರೆ. ಅಷ್ಟೇ. ಕೊನೆಯಲ್ಲಿ 'ಟ್', 'ಡ್', 'ಕ್', 'ಸ್' ಬರುವ ಪದವೇ ಇಲ್ಲ. ಇನ್ನು ವಾಕ್ಡ್ ಅನ್ನುವಲ್ಲಿ ಎರಡು ವ್ಯಂಜನ ಒತ್ತಿಕೊಂಡು ಕೊನೆಗೆ ಬರುತ್ತವಲ್ಲ, ಅದನ್ನು ಹಿಡಿಯಲು ಆ ಕಿವಿಗೆ ಜಾಗವೇ ಇಲ್ಲ. ಇಂಗ್ಲಿಷ್ ನೋಡಿ, ಭೂತಕಾಲವನ್ನೂ ಬಹುವಚನವನ್ನೂ ತಂದು ಪದದ ಅದೇ ತುದಿಯಲ್ಲಿ ಕೂರಿಸಿದೆ!

ನಮ್ಮದೂ ಹತ್ತಿರದ ಕತೆಯೇ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯಬೇಕು. ಅದಕ್ಕೇ ಬಸ್ಸು, ಕಾರು, ಲೈಟು. ನಾವು ಕೊನೆಗೊಂದು 'ಉ' ಸೇರಿಸಿ ವ್ಯಂಜನವನ್ನು ಉಳಿಸಿಕೊಂಡೆವು. ಅವರಲ್ಲಿ ಕೆಲವರು ಹೀಗೆ ಸ್ವರ ಸೇರಿಸುತ್ತಾರೆ, ಜಾಸ್ತಿ ಜನ ವ್ಯಂಜನವನ್ನೇ ಬಿಡುತ್ತಾರೆ. ಬಿಟ್ಟಾಗ ವ್ಯಾಕರಣವೂ ಅದರ ಜೊತೆ ಹೋಗುತ್ತದೆ. ಚೀನೀ ಅಂದರೆ ಎಲ್ಲರೂ ಒಂದೇ ಅಂತಲೂ ತಿಳಿಯಬೇಡಿ. ಹಾಂಗ್‌ಕಾಂಗ್, ಗ್ವಾಂಗ್‌ಜೌ ಕಡೆಯ ಕ್ಯಾಂಟನೀಸ್‌ನಲ್ಲಿ ಪದದ ಕೊನೆಗೆ 'ಪ್', 'ಟ್', 'ಕ್' ಇವೆ. ನನ್ನ ಸಿಚುವಾನ್ ಮಕ್ಕಳಿಗೆ ಬೇರೆ ಕಷ್ಟ: ಅವರ ಆಡುಮಾತಿನಲ್ಲಿ 'ನ' ಮತ್ತು 'ಲ' ಕಲಸಿಹೋಗಿವೆ. ನೈಟ್ ಯಾವುದು, ಲೈಟ್ ಯಾವುದು ಅಂತ ಎಷ್ಟೋ ಮಕ್ಕಳಿಗೆ ತಿಳಿಯುತ್ತಿರಲಿಲ್ಲ.

ಇನ್ನೊಂದು ಕಾರಣ ಇಂಗ್ಲಿಷ್‌ನ ಲಯ. ಮ್ಯಾಂಡರಿನ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಉಚ್ಚಾರಾಂಶಕ್ಕೂ ಅದರದ್ದೇ ಏರಿಳಿತ, ಅದರದ್ದೇ ತೂಕ. ಇಂಗ್ಲಿಷ್ ಹಾಗಲ್ಲ. ಗ್ರಾಂಡ್‌ಮದರ್, ಮಾರ್ಕೆಟ್, ಎಗ್ಸ್ ಇವನ್ನು ಒತ್ತಿ ಹೇಳಿ, 'ದ', 'ಟು', 'ಅ', 'ವರ್' ಇವನ್ನು ನುಂಗಿಬಿಡುತ್ತದೆ. ವ್ಯಾಕರಣ ಹೊರುವ ಪದಗಳೇ ಇವು, ನುಂಗಿಹೋಗುವುದೂ ಇವೇ.

ಇದು ನನಗೆ ಅರ್ಥವಾಗಿದ್ದು ಚೆಂಗ್ದುವಿನ ತರಕಾರಿ ಮಾರ್ಕೆಟ್ಟಿನಲ್ಲಿ. ಚೀನೀಯಲ್ಲಿ 'ಮಾಯ್' ಅಂದರೆ ಕೊಳ್ಳುವುದು. 'ಮಾಯ್' ಅಂದರೆ ಮಾರುವುದು. ಸದ್ದು ಒಂದೇ, ದನಿಯ ಏರಿಳಿತ ಬೇರೆ. ಕೊಳ್ಳುವುದಕ್ಕೆ ದನಿ ಕೆಳಗಿಳಿದು ಮೇಲೇಳಬೇಕು, ಮಾರುವುದಕ್ಕೆ ಮೇಲಿನಿಂದ ಥಟ್ಟನೆ ಬೀಳಬೇಕು. ಈ ನಿಯಮ ಹೋದ ವಾರವೇ ಕಲಿತಿದ್ದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಂಡಿದ್ದೆ. ಆದರೆ ಎದುರಿಗಿದ್ದ ಅಮ್ಮ ಹೇಳಿದಾಗ ಎರಡೂ ನನಗೆ ಒಂದೇ ಥರ ಕೇಳಿಸುತ್ತಿತ್ತು. ಹೆಚ್ಚುಕಡಿಮೆ ಎರಡು ತಿಂಗಳು ಹಾಗೇ ಇತ್ತು. ನನ್ನ ಹುಡುಗಿಗೆ 'ವಾಕ್' ಮತ್ತು 'ವಾಕ್ಡ್' ಹೀಗೇ ಕೇಳಿಸುತ್ತದೆ ಅಂತ ಅವತ್ತು ಹೊಳೆಯಿತು.

ಕಿವಿ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿಗೆ ತಾಯಿನುಡಿ ಬಂದು ಕೂರುತ್ತದೆ. 'ವಾಕ್ ಟು ಮಾರ್ಕೆಟ್ ಬೈ ಎಗ್' ಅನ್ನುವುದು ಚೀನೀಯಲ್ಲಿ ಸೊಗಸಾದ ವಾಕ್ಯ: ಹೋಗು, ಮಾರ್ಕೆಟ್, ಕೊಳ್ಳು, ಮೊಟ್ಟೆ. ಎರಡು ಕ್ರಿಯಾಪದ ಸುಮ್ನೆ ಒಂದರ ಹಿಂದೆ ಒಂದು ಬರುತ್ತವೆ. ನಡುವೆ ಏನೂ ಬೇಡ. ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ. 'ನಿನ್ನೆ' ಅಂದಮೇಲೆ ನಿನ್ನೆಯೇ ಅಲ್ವಾ, ಕ್ರಿಯಾಪದವೂ ಯಾಕೆ ಅದನ್ನೇ ಹೇಳಬೇಕು? 'ಲ' ಅಂತ ಒಂದು ಸಣ್ಣ ಪದ ಇದೆ. ಕೆಲಸ ಮುಗಿಯಿತು ಅಂತ ತಿಳಿಸುತ್ತದೆ. ಮಕ್ಕಳು ಅದನ್ನೇ ಇಂಗ್ಲಿಷ್ ಭೂತಕಾಲ ಅಂದುಕೊಳ್ಳುತ್ತಾರೆ. ಅದು ಕಾಲ ಅಲ್ಲ. ನಾವು 'ನಾಳೆ ಊಟ ಮಾಡಿ ಹೋಗು' ಅನ್ನುತ್ತೇವೆ. ಇಲ್ಲಿ 'ಮಾಡಿ' ಅನ್ನುವುದು ನಾಳೆ ಮುಗಿಯುವ ಕೆಲಸ. ಅವರ 'ಲ' ಕೂಡ ಹೀಗೆ ನಾಳೆಯ ಊಟಕ್ಕೂ ಬರುತ್ತದೆ.

'ಹೀ', 'ಶೀ' ಅದಲುಬದಲಾಗುವುದನ್ನು ನೋಡಿ ಹೊಸ ಟೀಚರುಗಳಿಗೆ ಸಿಟ್ಟು ಬರುತ್ತದೆ. ಚೀನೀ ಮಾತಿನಲ್ಲಿ ಅವನು, ಅವಳು, ಅದು ಮೂರೂ 'ತಾ'. ಬರಹದಲ್ಲಿ 'ಅವಳು' ಅನ್ನಲು ಬೇರೆ ಅಕ್ಷರ ಬಳಕೆಗೆ ಬಂದಿದ್ದೇ ನೂರು ವರ್ಷದ ಹಿಂದೆ. ಲಿಯು ಬಾನ್‌ನೊಂಗ್ ಅನ್ನುವ ಕವಿ 1920ರ ಸುಮಾರಿಗೆ ಅದನ್ನು ಬಳಕೆಗೆ ತಂದರು. ಬರಹದಲ್ಲಿ ಬಂತು, ಸದ್ದು ಬದಲಾಗಲಿಲ್ಲ. ನಾವು ಗೌರವದಿಂದ 'ಅವರು' ಅಂದಾಗ ಗಂಡೋ ಹೆಣ್ಣೋ ಅಂತ ಹೇಳುವುದಿಲ್ಲವಲ್ಲ, ಅವರಿಗೆ ಎಲ್ಲ ಹೊತ್ತೂ ಹಾಗೆ. ಬಹುವಚನವೂ ಅಷ್ಟೇ. ಅಂಗಡಿಯಲ್ಲಿ ನಾವು 'ಮೂರು ಪುಸ್ತಕ ಕೊಡಿ' ಅನ್ನುತ್ತೇವೆ. ಮೂರು ಅಂತ ಹೇಳಿದ ಮೇಲೆ 'ಗಳು' ಬೇಕಾಗಿಲ್ಲ. ಚೀನೀಯಲ್ಲೂ ಬೇಕಾಗಿಲ್ಲ. ಇವೆಲ್ಲ ಮಕ್ಕಳ ದಡ್ಡತನ ಅಲ್ಲ. ದಯವಿಟ್ಟು ಹಾಗೆ ನೋಡಬೇಡಿ.

ಪರೀಕ್ಷೆಯ ಬಗ್ಗೆ ಎರಡು ಮಾತು. 2001ರಿಂದ ಹಂತ ಹಂತವಾಗಿ ಅಲ್ಲಿ ಮೂರನೇ ತರಗತಿಗೇ ಇಂಗ್ಲಿಷ್ ಬಂತು. ಕಾಲೇಜು ಸೇರುವ ಗಾವ್‌ಕಾವ್ ಪರೀಕ್ಷೆ ಬಹುತೇಕ ಪ್ರಾಂತಗಳಲ್ಲಿ 750 ಅಂಕಕ್ಕೆ, ಅದರಲ್ಲಿ ಇಂಗ್ಲಿಷಿಗೆ 150. ಕಾಲೇಜಿನಲ್ಲಿ ಸಿಇಟಿ-4 ಅಂತ ಇನ್ನೊಂದಿದೆ. ನಮ್ಮ ಸಿಇಟಿ ಅಲ್ಲ, ಇದು ಇಂಗ್ಲಿಷಿಗೆ ಮಾತ್ರ, 1987ರಲ್ಲಿ ಶುರುವಾದದ್ದು. 710 ಅಂಕದಲ್ಲಿ ಕೇಳುವುದಕ್ಕೆ ಶೇ 35, ಓದುವುದಕ್ಕೆ ಶೇ 35. ಕೇಳುವುದಕ್ಕೆ ಇಷ್ಟು ಅಂಕ ಇಟ್ಟಿರುವುದು ನನಗೆ ಮೆಚ್ಚುಗೆ. ಆದರೆ ಬಹಳ ಕಡೆ ತಯಾರಿ ನಡೆಯುವುದು ನಾಲ್ಕು ಉತ್ತರದಲ್ಲಿ ಸರಿಯಾದದ್ದನ್ನು ಹುಡುಕುವ ಉಪಾಯಗಳ ಮೇಲೆ. ವರ್ಷಗಟ್ಟಲೆ ಕಲಿತೂ ಬಾಯಿ ಬಿಡಲಾಗದ ಇಂಗ್ಲಿಷಿಗೆ ಅವರೇ ಒಂದು ಹೆಸರಿಟ್ಟಿದ್ದಾರೆ: 'ಯಾಬಾ ಯಿಂಗ್‌ಯು', ಅಂದರೆ ಮೂಕ ಇಂಗ್ಲಿಷ್. ನಾನು ಅದನ್ನು ಮೊದಲು ಕಿವುಡು ಇಂಗ್ಲಿಷ್ ಅನ್ನುತ್ತೇನೆ. ಮೂಕತನ ಆಮೇಲೆ ಬಂದದ್ದು.

ಸರಿ, ನಾವು ಮಾಡಿದ್ದೇನು? ದಿನಕ್ಕೆ ಒಂದೇ ಒಂದು ವಾಕ್ಯ. ಹನ್ನೆರಡು, ಹದಿನೈದು ಪದದ್ದು. ರೆಕಾರ್ಡ್ ಮಾಡಿದ್ದು, ಸಹಜ ವೇಗದ್ದು. ಮೊದಲ ಸಲ ಕೇಳಿ ಸಿಕ್ಕಿದ್ದನ್ನು ನೀಲಿ ಪೆನ್ನಿನಲ್ಲಿ ಬರೆಯಬೇಕು. ಮತ್ತೆ ನಾಲ್ಕು ಸಲ ಕೇಳಿ, ಹೊಸದಾಗಿ ಸಿಕ್ಕಿದ್ದನ್ನು ಅದೇ ನೀಲಿಯಲ್ಲಿ ಸೇರಿಸಬೇಕು. ಆಮೇಲೆ ಪೆನ್ನು ಬದಲು: ಇನ್ನು ಕೇಳುವಂತಿಲ್ಲ. ಈ ವಾಕ್ಯದಲ್ಲಿ ಇನ್ನೇನು ಇರಲೇಬೇಕು ಅಂತ ಯೋಚಿಸಿ ಕೆಂಪಿನಲ್ಲಿ ತುಂಬಬೇಕು. ಕೊನೆಗೆ ಮೂಲ ವಾಕ್ಯ ಕೊಟ್ಟು, ಅದನ್ನು ನೋಡುತ್ತಾ ಇನ್ನೊಮ್ಮೆ ಕೇಳಿಸಬೇಕು.

ಕೆಂಪು ಪೆನ್ನು ಯಾಕೆ ಅಂದರೆ, ಕೆಲವು ಸದ್ದು ನಿಜವಾಗಿಯೂ ಅಲ್ಲಿರುವುದಿಲ್ಲ. 'ವಾಕ್ಡ್ ಟು' ಅನ್ನುವುದನ್ನು ಇಂಗ್ಲಿಷ್ ತಾಯಿನುಡಿಯವರು ಬೇಗ ಹೇಳಿದರೆ 'ವಾಕ್ಟು' ಆಗುತ್ತದೆ. ಭೂತಕಾಲದ ಸದ್ದು 'ಟು'ವಿನೊಳಗೆ ಕರಗಿಹೋಗಿದೆ. ಅವರಿಗೆ ಅದು ಕೇಳಿಸುವುದು ಮುಂದೆ 'ವರ್' ಬರುವುದರಿಂದ, ಕತೆ ನಡೆದುಹೋದದ್ದು ಅಂತ ಗೊತ್ತಿರುವುದರಿಂದ. ಅಂದರೆ ಕಿವಿ ವ್ಯಾಕರಣಕ್ಕೆ ಸಹಾಯ ಮಾಡುವಂತೆಯೇ ವ್ಯಾಕರಣ ಕಿವಿಗೆ ಸಹಾಯ ಮಾಡುತ್ತದೆ. ಬಾಯಿಪಾಠ ಮಾಡಿಟ್ಟ ನಿಯಮಗಳಿಗೆ ಆ ಮಕ್ಕಳು ಮೊದಲ ಸಲ ಒಂದು ಕೆಲಸ ಕೊಟ್ಟಿದ್ದು ಈ ಕೆಂಪು ಪೆನ್ನಿನಲ್ಲಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆ ಹುಡುಗಿಯ ಹಾಳೆಯಲ್ಲಿ ಕೆಂಪು ಕಡಿಮೆಯಾಗುತ್ತಾ ಬಂತು. 'ಸ್' ಎಲ್ಲಕ್ಕಿಂತ ಮೊದಲು ನೀಲಿಯಾಯಿತು. 'ದ' ಕೊನೆಯವರೆಗೂ ಕೆಂಪಾಗಿಯೇ ಉಳಿಯಿತು.

ವಾಕ್ಯದಲ್ಲಿ ಏನು ಇರಲೇಬೇಕು ಅನ್ನುವ ಈ ನಿರೀಕ್ಷೆ ಹುಟ್ಟುವುದು ಓದಿನಿಂದ. ಅಲ್ಲಿ ಓದಿನಲ್ಲಿ ಎರಡು ಬಗೆ ಮಾಡುತ್ತಾರೆ. 'ಜಿಂಗ್‌ದು' ಅಂದರೆ ಪದ ಪದ ಬಿಡಿಸಿ ಓದುವುದು. 'ಫಾನ್‌ದು' ಅಂದರೆ ಹರವಾಗಿ, ಜಾಸ್ತಿ ಓದುವುದು. ತರಗತಿಯಲ್ಲಿ ನಾನು ಕಂಡಿದ್ದು ಬಹುಪಾಲು ಜಿಂಗ್‌ದು. ಒಂದು ಪುಟ ಒಂದು ವಾರ. ಪ್ರತಿ ಪದದ ಮೇಲೂ ಪೆನ್ಸಿಲ್ಲಿನಲ್ಲಿ ಚೀನೀ ಅರ್ಥ. ಪದ ಕಲಿಯಲು ಅದು ಒಳ್ಳೆಯದೇ. ಆದರೆ 'ದ' ಎಲ್ಲಿ ಬರುತ್ತದೆ ಅನ್ನುವುದು ಒಂದು ಪುಟದಲ್ಲಿ ತಿಳಿಯುವ ವಿಷಯ ಅಲ್ಲ. ಅದಕ್ಕೆ ಸಾವಿರಾರು 'ದ' ಕಣ್ಣ ಮುಂದೆ ಹಾದುಹೋಗಬೇಕು. ನಮ್ಮ ಭಾಷೆಯಲ್ಲೂ 'ಅ', 'ದ' ಥರದ ಆರ್ಟಿಕಲ್ ಇಲ್ಲ, ನಿಮಗಿದು ಗೊತ್ತು.

ಫಾನ್‌ದುವಿಗೆ ಅಡ್ಡ ಬರುವುದು ಉದ್ದ ವಾಕ್ಯ. 'ದ ಬುಕ್ ದಟ್ ಐ ಬಾಟ್ ಯೆಸ್ಟರ್‌ಡೇ' ಅನ್ನುವುದನ್ನು ಚೀನೀಯಲ್ಲಿ 'ವೊ ಜುವೊತ್ಯೆನ್ ಮಾಯ್ ದ ಶು' ಅನ್ನುತ್ತಾರೆ. ಕನ್ನಡದಲ್ಲಿ 'ನಾನು ನಿನ್ನೆ ಕೊಂಡ ಪುಸ್ತಕ'. ಪದಕ್ಕೆ ಪದ ಕೂಡಿಸಿ ನೋಡಿ: ವೊ ನಾನು, ಜುವೊತ್ಯೆನ್ ನಿನ್ನೆ, ಮಾಯ್ ದ ಕೊಂಡ, ಶು ಪುಸ್ತಕ. ಒಂದಿಷ್ಟೂ ಅತ್ತಿತ್ತ ಇಲ್ಲ. ಬೀಜಿಂಗಿಗೂ ಬೆಂಗಳೂರಿಗೂ ಇಷ್ಟು ದೂರ, ವಾಕ್ಯದ ಸಾಲು ಮಾತ್ರ ಒಂದೇ. ಇದನ್ನು ಮೊದಲು ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಇಂಗ್ಲಿಷ್ ಪುಸ್ತಕವನ್ನು ಮುಂದಿಟ್ಟು ವಿವರಣೆಯನ್ನು ಬಾಲದಂತೆ ಹಿಂದೆ ಬಿಡುತ್ತದೆ. ಮನಸ್ಸಿನಲ್ಲೇ ಅನುವಾದ ಮಾಡಿಕೊಂಡು ಓದುವ ಮಗು ಬಾಲದ ತನಕ ಹೋಗಿ, ವಾಪಸ್ ಬಂದು, ತಿರುಗಿಸಿ ಜೋಡಿಸುತ್ತದೆ. ಕಣ್ಣು ಹಿಂದೆ ಮುಂದೆ ಓಡುವುದು ಎದುರಿಗೆ ಕೂತರೆ ಕಾಣುತ್ತದೆ. ಪುಸ್ತಕದಲ್ಲಾದರೆ ಹೇಗೋ ಹಿಂದೆ ಹೋಗಬಹುದು. ಕೇಳುವಾಗ ಹಿಂದೆ ಹೋಗಲು ಏನಿದೆ?

ಹಾಗಾಗಿ 'ದಟ್', 'ಹೂ', 'ವಿಚ್' ಬಂದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಸಿದೆ. ಒಂದು ತುಂಡು ಓದು, ಕಣ್ಣ ಮುಂದೆ ತಂದುಕೋ, ಮುಂದಿನ ತುಂಡಿಗೆ ಹೋಗು. ಪುಸ್ತಕ. ಯಾವ ಪುಸ್ತಕ? ನಾನು ನಿನ್ನೆ ಕೊಂಡಿದ್ದು. ಮೊದಮೊದಲು ಸುಲಭದ ಕತೆಗಳನ್ನೇ ಕೊಟ್ಟೆ, ನೂರು ಪದಕ್ಕೆ ಗೊತ್ತಿಲ್ಲದ್ದು ಎರಡಕ್ಕಿಂತ ಜಾಸ್ತಿ ಇರಬಾರದು ಅಂತ ಲೆಕ್ಕ. ಇದು ಚಿಕ್ಕ ಮಕ್ಕಳ ಪುಸ್ತಕ ಅಂತ ಕೆಲವರು ಬೇಸರ ಮಾಡಿಕೊಂಡರು. ಅದೇ ಕತೆಯ ರೆಕಾರ್ಡಿಂಗ್ ಕೇಳಿಸಿ, ಪುಸ್ತಕ ಮುಚ್ಚಿಸಿ, ನಿಲ್ಲಿಸದೆ ಕೇಳಿ ಅಂದ ಮೇಲೆ ಬೇಸರ ಹೋಯಿತು. ಓದುವಾಗ ಸುಲಭ ಅನಿಸಿದ್ದು ಕಿವಿಗೆ ಸುಲಭ ಇರಲಿಲ್ಲ. ಓದಿ ಕೇಳುವುದು, ಕೇಳಿ ಓದುವುದು, ಹೀಗೆ ಎರಡು ಸೆಮಿಸ್ಟರ್ ನಡೆಯಿತು.

ಈಗ ನಿಮ್ಮ ಮುಂದೆ ಒಂದೊಂದು ಖಾಲಿ ಹಾಳೆ, ಎರಡು ಪೆನ್ನು ಇವೆ. ಎರಡು ಚೀನೀ ವಾಕ್ಯ ಕೇಳಿಸುತ್ತೇನೆ. ಒಂದು 'ಅವರು ಟೀ ಕೊಳ್ಳುತ್ತಾರೆ', ಇನ್ನೊಂದು 'ಅವರು ಟೀ ಮಾರುತ್ತಾರೆ'. ನಿಯಮ ಆಗಲೇ ಹೇಳಿದ್ದೇನೆ: ಕೊಳ್ಳುವುದು ಇಳಿದು ಏಳುತ್ತದೆ, ಮಾರುವುದು ಥಟ್ಟನೆ ಬೀಳುತ್ತದೆ. ಐದು ಸಲ ಹಾಕುತ್ತೇನೆ. ಯಾವುದು ಮೊದಲು ಬಂತು ಅಂತ ನೀಲಿಯಲ್ಲಿ ಬರೆಯಿರಿ. ಪಕ್ಕದವರ ಹಾಳೆ ನೋಡಬೇಡಿ. ಫ್ಯಾನ್ ಸ್ವಲ್ಪ ಆರಿಸುತ್ತೀರಾ? ಸರಿ, ಮೊದಲನೇ ಸಲ.